ಮರಳು, ನೀರು, ಪೆಟ್ಟಿಗೆ: ಆಯತಘನದ ಘನಫಲವನ್ನು ತಪ್ಪಿಲ್ಲದೆ ಲೆಕ್ಕ ಹಾಕುವ ಬಗೆ

ಮುಂಬಯಿ, ಠಾಣೆ, ಪುಣೆಗಳಲ್ಲಿ ಕಟ್ಟಡ ಸಾಮಗ್ರಿಯ ಅಂಗಡಿಗೆ ಹೋಗಿ ಮರಳಿನ ದರ ಕೇಳಿದರೆ ಉತ್ತರ ಬರುವುದು ಬ್ರಾಸ್ ಲೆಕ್ಕದಲ್ಲಿ. ಸೊಸೈಟಿಯ ನೀರಿನ ಟ್ಯಾಂಕಿನ ಮಾತು ಲೀಟರಿನಲ್ಲಿ, ಬಡಗಿಯ ಮಾತು ಇಂಚು ಮತ್ತು ಸೂತ್‌ನಲ್ಲಿ, ಕೊರಿಯರ್ ಅಂಗಡಿಯವರದು ಸೆಂಟಿಮೀಟರಿನಲ್ಲಿ, ಪುಣೆಗೆ ನೀರು ಕೊಡುವ ಅಣೆಕಟ್ಟುಗಳ ಸುದ್ದಿ ಟಿಎಂಸಿಯಲ್ಲಿ ನಡೆಯುತ್ತದೆ. ಇವೆಲ್ಲದರ ಹಿಂದಿರುವ ಲೆಕ್ಕ ಮಾತ್ರ ಒಂದೇ: ಆರೂ ಮುಖಗಳು ಆಯತಾಕಾರವಾಗಿರುವ ಆಕೃತಿಯ, ಅಂದರೆ ಆಯತಘನದ, ಘನಫಲ. ಉದ್ದವನ್ನು ಅಗಲದಿಂದ ಗುಣಿಸಿ, ಬಂದದ್ದನ್ನು ಎತ್ತರದಿಂದ ಗುಣಿಸಿದರೆ ಘನಫಲ ಸಿಗುತ್ತದೆ ಎಂಬುದನ್ನು ಎಲ್ಲರೂ ಶಾಲೆಯಲ್ಲೇ ಕಲಿತಿರುತ್ತಾರೆ. ಕೈಯಲ್ಲಿ ಮೊಬೈಲು ಇರುವಾಗ ಗುಣಾಕಾರ ತಪ್ಪುವ ಸಂಭವವೂ ಕಡಿಮೆ. ಲೆಕ್ಕ ಕೆಡುವುದು ಗುಣಾಕಾರಕ್ಕೆ ಮೊದಲೇ, ಯಾವ ಮೂರು ಅಳತೆಗಳನ್ನು ಎಲ್ಲಿಂದ ಎಲ್ಲಿಯವರೆಗೆ ಯಾವ ಮಾನದಲ್ಲಿ ಹಿಡಿಯಬೇಕು ಎಂಬುದನ್ನು ನಿರ್ಧರಿಸುವಾಗ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗವನ್ನು ಟೇಪಿಗೇ ಮೀಸಲಿಟ್ಟಿದ್ದೇನೆ.

ಮೊದಲು ಮಾನಗಳ ವಿಷಯವನ್ನು ಮುಗಿಸಿಬಿಡೋಣ. ಒಂದು ಇಂಚು 2.54 ಸೆಂಟಿಮೀಟರ್, ಒಂದು ಅಡಿ 30.48 ಸೆಂಟಿಮೀಟರ್. ಒಂದು ಘನ ಮೀಟರ್ ಎಂದರೆ 1,000 ಲೀಟರ್, ಅಥವಾ ಸುಮಾರು 35.3 ಘನ ಅಡಿ. ಒಂದು ಘನ ಅಡಿಯಲ್ಲಿ ಸುಮಾರು 28.3 ಲೀಟರ್ ಹಿಡಿಯುತ್ತದೆ. ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿದ್ದರೆ ಬಂದ ಸಂಖ್ಯೆಯನ್ನು 1,000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಬ್ರಾಸ್ ಎಂದರೆ 100 ಘನ ಅಡಿ, ಅಂದರೆ ಸುಮಾರು 2.83 ಘನ ಮೀಟರ್. ಇಲ್ಲೊಂದು ಎಚ್ಚರಿಕೆ ಬೇಕು: ಗಿಲಾವು, ಟೈಲ್ಸ್ ಮುಂತಾದ ಕೆಲಸಗಳಲ್ಲಿ ಅದೇ ಬ್ರಾಸ್ ಎಂಬ ಮಾತನ್ನು 100 ಚದರ ಅಡಿಗೂ ಬಳಸುತ್ತಾರೆ, ಊರಿನಿಂದ ಹೊಸದಾಗಿ ಬಂದವರು ಇದನ್ನು ಕೇಳಿ ಖಚಿತಪಡಿಸಿಕೊಳ್ಳದೆ ದರ ಒಪ್ಪಿಕೊಳ್ಳಬಾರದು. ಬಡಗಿಗಳ ಸೂತ್ ಇಂಚಿನ ಎಂಟನೆಯ ಒಂದು ಭಾಗ. ಮೂರು ಅಳತೆಗಳೂ ಒಂದೇ ಮಾನದಲ್ಲಿರಬೇಕು ಎಂಬುದೊಂದೇ ಇಲ್ಲಿ ಬದಲಾಗದ ನಿಯಮ.

ಲಾರಿಯಲ್ಲಿ ಬಂದ ಮರಳು

ಮನೆ ರಿಪೇರಿಗೆ ಎರಡು ಬ್ರಾಸ್ ಮರಳು ತರಿಸಿದ್ದೀರಿ, ಲಾರಿ ಬಾಗಿಲಿಗೆ ಬಂದು ನಿಂತಿದೆ ಎಂದುಕೊಳ್ಳಿ. ಮರಳು ಸುರಿದ ಮೇಲೆ ಅದು ಗುಡ್ಡೆಯಾಗುತ್ತದೆ, ಗುಡ್ಡೆಯನ್ನು ಅಳೆಯುವುದು ಕಷ್ಟ. ಲಾರಿಯ ಡಬ್ಬದೊಳಗೆ ಇರುವಾಗ ಮಾತ್ರ ಅದು ಆಯತಘನ. ಆದ್ದರಿಂದ ಅಳತೆಯ ಕೆಲಸವನ್ನು ಹಿಂಬದಿಯ ಫಾಳಕ, ಅಂದರೆ ಡಬ್ಬದ ಹಿಂದಿನ ಬಾಗಿಲು, ತೆರೆಯುವ ಮೊದಲೇ ಮುಗಿಸಬೇಕು. ಉದ್ದ ಮತ್ತು ಅಗಲವನ್ನು ಡಬ್ಬದ ಒಳಮೈಯಿಂದ ಒಳಮೈಗೆ ಹಿಡಿಯಬೇಕೇ ಹೊರತು ಹೊರಗಿನ ತಗಡಿನಿಂದಲ್ಲ. ಮೇಲೆ ಉಬ್ಬಿಕೊಂಡಿರುವ ಮರಳನ್ನು ಸಲಿಕೆಯಿಂದ ಸಮ ಮಾಡಿಸಿ, ಒಂದು ಸಪೂರ ಕಬ್ಬಿಣದ ಸರಳನ್ನು ತಳ ಮುಟ್ಟುವವರೆಗೆ ನಾಲ್ಕು ಮೂಲೆಗಳ ಬಳಿ ಮತ್ತು ನಡುವೆ ಒಮ್ಮೆ ಇಳಿಸಿ, ಐದೂ ಆಳಗಳನ್ನು ಬರೆದುಕೊಂಡು ಸರಾಸರಿ ತೆಗೆಯಬೇಕು. ಒಂದೇ ಕಡೆ ಇಳಿಸಿದರೆ, ಸರಳು ಎಲ್ಲಿ ಇಳಿಯಬೇಕೆಂದು ತೀರ್ಮಾನಿಸುವವನು ಸಾಮಾನ್ಯವಾಗಿ ಲಾರಿಯವನೇ ಆಗಿರುತ್ತಾನೆ.

ಒಳ ಉದ್ದ 10 ಅಡಿ 6 ಇಂಚು, ಒಳ ಅಗಲ 6 ಅಡಿ 8 ಇಂಚು ಬಂತೆಂದು ಇಟ್ಟುಕೊಳ್ಳೋಣ. ಆಳ ಐದು ಕಡೆ ಕ್ರಮವಾಗಿ 33, 35, 36, 32 ಮತ್ತು 34 ಇಂಚು. ಕೂಡಿದರೆ 170, ಐದರಿಂದ ಭಾಗಿಸಿದರೆ 34 ಇಂಚು, ಅಂದರೆ 2 ಅಡಿ 10 ಇಂಚು. ಇನ್ನು ಗುಣಿಸುವುದಷ್ಟೇ ಎಂದು ಅನೇಕರು ಕ್ಯಾಲ್ಕುಲೇಟರಿನಲ್ಲಿ 10.6, 6.8, 2.10 ಎಂದು ಒತ್ತುತ್ತಾರೆ, 151.4 ಎಂಬ ಉತ್ತರ ಬರುತ್ತದೆ, ಅಂದರೆ ಒಂದೂವರೆ ಬ್ರಾಸ್. ಮೋಸವಾಯಿತೆಂದು ಜಗಳ ಶುರುವಾಗುವುದು ಇಲ್ಲೇ. ಆದರೆ ಮೋಸ ಮಾಡಿದ್ದು ಚುಕ್ಕೆ. ಅಡಿಗೆ ಹನ್ನೆರಡು ಇಂಚು, ದಶಾಂಶಕ್ಕೆ ಹತ್ತು ಭಾಗ. 10 ಅಡಿ 6 ಇಂಚು ಎಂದರೆ 10.5 ಅಡಿ, 6 ಅಡಿ 8 ಇಂಚು ಎಂದರೆ 6.667 ಅಡಿ, 2 ಅಡಿ 10 ಇಂಚು ಎಂದರೆ 2.833 ಅಡಿ. ಇಂಚಿನ ಭಾಗವನ್ನು ಹನ್ನೆರಡರಿಂದ ಭಾಗಿಸಿದ ನಂತರವೇ ಚುಕ್ಕೆಯ ಬಲಕ್ಕೆ ಬರೆಯಬೇಕು. ಹಾಗೆ ಮಾಡಿದರೆ 10.5 ಗುಣಿಸು 6.667 ಸರಿಯಾಗಿ 70 ಚದರ ಅಡಿ, ಅದನ್ನು 2.833ರಿಂದ ಗುಣಿಸಿದರೆ 198.3 ಘನ ಅಡಿ, ಅಂದರೆ 1.98 ಬ್ರಾಸ್. ಲಾರಿಯವನು ತಂದದ್ದು ಎರಡು ಬ್ರಾಸೇ. ಭಾಗಾಕಾರ ಬೇಡವೆನಿಸಿದರೆ ಮೂರನ್ನೂ ಇಂಚಿಗೆ ತಂದು ಗುಣಿಸಿ, ಕೊನೆಯಲ್ಲಿ 1,728ರಿಂದ ಒಮ್ಮೆ ಭಾಗಿಸಿದರೂ ಉತ್ತರ ಅದೇ.

ಘನಫಲ ಸರಿಯಾಗಿದ್ದರೂ ಅದರಲ್ಲಿರುವ ಮರಳೆಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. ಸ್ವಲ್ಪ ತೇವವಿರುವ ಮರಳಿನ ಕಣಗಳ ಸುತ್ತ ನೀರಿನ ಪದರ ಕೂತು ಅವು ಒಂದರಿಂದೊಂದು ದೂರ ಸರಿಯುವುದರಿಂದ ಅದೇ ಮರಳು ಹೆಚ್ಚು ಜಾಗ ಹಿಡಿಯುತ್ತದೆ. ಮಳೆಗಾಲದಲ್ಲಿ ಇದು ಕಾಲು ಭಾಗದಷ್ಟಾಗುವುದೂ ಅಪರೂಪವಲ್ಲ. ಮರಳು ಪೂರ್ತಿ ನೀರಿನಲ್ಲಿ ಮುಳುಗಿದಾಗ ಈ ಉಬ್ಬು ಇಳಿದು, ಒಣ ಮರಳಿನ ಘನಫಲಕ್ಕೆ ಮರಳುತ್ತದೆ. ಪರೀಕ್ಷೆ ಸುಲಭವಾಗಿದೆ. ನೆಟ್ಟಗಿನ ಗೋಡೆಯ ಡಬ್ಬಿಯೊಂದರಲ್ಲಿ ಬಂದ ಮರಳನ್ನು ಅದುಮದೆ 20 ಸೆಂಟಿಮೀಟರ್ ಎತ್ತರ ತುಂಬಿ, ಅದನ್ನು ಬೇರೆ ಪಾತ್ರೆಗೆ ಸುರಿದು, ಡಬ್ಬಿಯಲ್ಲಿ ಅರ್ಧದಷ್ಟು ನೀರು ಹಾಕಿ ಮರಳನ್ನು ಮತ್ತೆ ಅದರೊಳಗೆ ಬಿಟ್ಟು ಕಲಕಬೇಕು. ಕೂತ ಮರಳಿನ ಎತ್ತರ 16 ಸೆಂಟಿಮೀಟರಿಗೆ ಇಳಿದರೆ ಉಬ್ಬು ಹದಿನಾರಕ್ಕೆ ನಾಲ್ಕು, ಅಂದರೆ ಪ್ರತಿಶತ 25. ಆಗ ಮೇಲಿನ 198.3 ಘನ ಅಡಿಯನ್ನು 1.25ರಿಂದ ಭಾಗಿಸಬೇಕು, ಒಣ ಲೆಕ್ಕದಲ್ಲಿ ನಿಮಗೆ ಬಂದಿರುವುದು ಸುಮಾರು 159 ಘನ ಅಡಿ. ಇದನ್ನು ದರ ಮಾತಾಡುವಾಗ ಹೇಳುವುದು ಲೇಸು, ಮರಳು ಸುರಿದ ಮೇಲೆ ಹೇಳಿ ಪ್ರಯೋಜನವಿಲ್ಲ. ಖಡಿಗೆ, ಅಂದರೆ ಜಲ್ಲಿಕಲ್ಲಿಗೆ, ಈ ತಾಪತ್ರಯವಿಲ್ಲ.

ಕಾಂಕ್ರೀಟಿನ ಹಾಸು

ಅಂಗಳದಲ್ಲೋ ಸ್ಕೂಟರು ನಿಲ್ಲಿಸುವ ಜಾಗದಲ್ಲೋ ಹಾಕುವ ಕಬ್ಬಿಣವಿಲ್ಲದ ಕಾಂಕ್ರೀಟ್ ಹಾಸು ಕೂಡ ಆಯತಘನವೇ, ಎತ್ತರ ತೀರ ಕಡಿಮೆಯಿರುವ ಆಯತಘನ. 12 ಅಡಿ ಉದ್ದ, 10 ಅಡಿ ಅಗಲ, 5 ಇಂಚು ದಪ್ಪವಿದ್ದರೆ 120 ಚದರ ಅಡಿಯನ್ನು 5ರಿಂದ ಗುಣಿಸಿ 12ರಿಂದ ಭಾಗಿಸಬೇಕು: 50 ಘನ ಅಡಿ. ಇದು ಹಸಿ ಕಾಂಕ್ರೀಟಿನ ಘನಫಲ. ಒಣ ಸಾಮಗ್ರಿಯನ್ನು ಬೆರೆಸಿದಾಗ ಖಡಿಯ ಸಂದಿಗಳಲ್ಲಿ ಮರಳು, ಮರಳಿನ ಸಂದಿಗಳಲ್ಲಿ ಸಿಮೆಂಟು ಹೋಗಿ ಕೂರುವುದರಿಂದ ಒಟ್ಟು ಘನಫಲ ತಗ್ಗುತ್ತದೆ. ಹಾಗಾಗಿ ಒಣ ಸಾಮಗ್ರಿಗೆ 1.54ರಿಂದ ಗುಣಿಸುವುದು ಕಟ್ಟಡದವರ ರೂಢಿ. 50ಕ್ಕೆ 77 ಘನ ಅಡಿಯಾಯಿತು. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಖಡಿ ಎಂಬ ಮಿಶ್ರಣದಲ್ಲಿ ಒಟ್ಟು ಏಳು ಪಾಲು, ಪಾಲಿಗೆ 11 ಘನ ಅಡಿ. 50 ಕಿಲೋ ಸಿಮೆಂಟಿನ ಚೀಲವೊಂದರ ಘನಫಲ ಸುಮಾರು 1.226 ಘನ ಅಡಿಯಾದ್ದರಿಂದ ಒಂಬತ್ತು ಚೀಲ ಬೇಕು. ಮರಳು 22 ಘನ ಅಡಿ, ಖಡಿ 44 ಘನ ಅಡಿ. ಮೇಲ್ಛಾವಣಿಯ ಸ್ಲ್ಯಾಬಿಗೆ ಈ ಮಿಶ್ರಣ ನಡೆಯುವುದಿಲ್ಲ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಭಾರತೀಯ ಮಾನಕವು ಕನಿಷ್ಠ ಎಂ 20 ಎಂಬ ಬಲದ ದರ್ಜೆಯನ್ನು ಕೇಳುತ್ತದೆ, ಆ ಲೆಕ್ಕವನ್ನು ಎಂಜಿನಿಯರರಿಗೇ ಬಿಡಬೇಕು.

ಈ ಹಾಸಿನಲ್ಲಿ ಯಾವ ಅಳತೆಯನ್ನು ಹೆಚ್ಚು ಜತನದಿಂದ ತೆಗೆದುಕೊಳ್ಳಬೇಕು? ಬಹಳ ಮಂದಿ ಉದ್ದವನ್ನು ಎರಡೆರಡು ಬಾರಿ ಅಳೆದು, ದಪ್ಪವನ್ನು ಕಣ್ಣಂದಾಜಿಗೆ ಬಿಡುತ್ತಾರೆ. ಇರಬೇಕಾದದ್ದು ಇದರ ತದ್ವಿರುದ್ಧ. 12 ಅಡಿ ಉದ್ದದಲ್ಲಿ ಅರ್ಧ ಇಂಚು ತಪ್ಪಿದರೆ ಘನಫಲದಲ್ಲಿ ಪ್ರತಿಶತ ಅರ್ಧದಷ್ಟೂ ವ್ಯತ್ಯಾಸವಾಗುವುದಿಲ್ಲ. 5 ಇಂಚಿನ ದಪ್ಪದಲ್ಲಿ ಅದೇ ಅರ್ಧ ಇಂಚು ತಪ್ಪಿದರೆ ವ್ಯತ್ಯಾಸ ಪ್ರತಿಶತ ಹತ್ತು, ಅಂದರೆ ಸುಮಾರು ಒಂದು ಚೀಲ ಸಿಮೆಂಟು. ನೆಲ ಏರುಪೇರಾಗಿದ್ದರೆ ದಾರ ಬಿಗಿದು ಹಲವು ಕಡೆ ಆಳ ನೋಡಿ ಸರಾಸರಿ ತೆಗೆಯಬೇಕು. ಮೂರು ಅಳತೆಗಳಲ್ಲಿ ಅತ್ಯಂತ ಚಿಕ್ಕದು ಯಾವುದೋ ಅದಕ್ಕೆ ಅತ್ಯಂತ ಹೆಚ್ಚು ಸಮಯ ಕೊಡಬೇಕು ಎಂಬುದನ್ನು ಗೋಡೆ, ಹಲಗೆ, ಗಾಜು, ಎಲ್ಲಕ್ಕೂ ಅನ್ವಯಿಸಬಹುದು.

ಸೊಸೈಟಿಯ ಟ್ಯಾಂಕು

ಮುಂಬಯಿಯ ಕಟ್ಟಡಗಳಿಗೆ ಪಾಲಿಕೆಯ ನೀರು ದಿನದ ಕೆಲವೇ ಗಂಟೆ ಬರುವುದರಿಂದ ನೆಲದಡಿಯ ಟ್ಯಾಂಕು, ಬೆಂಗಳೂರಿನವರ ಸಂಪು, ಎಷ್ಟು ಹಿಡಿಯುತ್ತದೆ ಎಂಬುದು ಕಮಿಟಿಯ ಸಭೆಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ. ನಕ್ಷೆಯಲ್ಲಿ ಒಳ ಅಳತೆ 5 ಮೀಟರ್ ಉದ್ದ, 3 ಮೀಟರ್ ಅಗಲ, 2.4 ಮೀಟರ್ ಆಳ ಎಂದಿದ್ದರೆ ಗುಣಲಬ್ಧ 36 ಘನ ಮೀಟರ್, ಅಂದರೆ 36,000 ಲೀಟರ್. ಆದರೆ ಅಷ್ಟು ನೀರು ಯಾವತ್ತೂ ನಿಮ್ಮ ನಲ್ಲಿಗೆ ಬರುವುದಿಲ್ಲ. ಮೇಲೆ ಓವರ್‌ಫ್ಲೋ ಪೈಪು ಛಾವಣಿಯಿಂದ 25 ಸೆಂಟಿಮೀಟರ್ ಕೆಳಗಿದ್ದರೆ ಅದಕ್ಕಿಂತ ಮೇಲೆ ನೀರು ನಿಲ್ಲದು. ಕೆಳಗೆ ಪಂಪಿನ ಫುಟ್‌ವಾಲ್ವ್, ಅಂದರೆ ನೀರು ಹೀರುವ ಪೈಪಿನ ಬಾಯಿ, ತಳದಿಂದ 15 ಸೆಂಟಿಮೀಟರ್ ಮೇಲಿದ್ದರೆ ಅದಕ್ಕಿಂತ ಕೆಳಗಿನ ನೀರು ಮೇಲೇರದು. ಎರಡನ್ನೂ ಕಳೆದರೆ ಬಳಕೆಗೆ ಸಿಗುವ ಎತ್ತರ ಸರಿಯಾಗಿ 2 ಮೀಟರ್, ನೀರು 30,000 ಲೀಟರ್. ಉಳಿದ 6,000 ಲೀಟರ್ ಇರುವುದು ನಕ್ಷೆಯಲ್ಲಿ ಮಾತ್ರ. ನಡುವೆ 20 ಸೆಂಟಿಮೀಟರ್ ದಪ್ಪದ ಅಡ್ಡಗೋಡೆಯಿದ್ದರೆ 3, 0.2 ಮತ್ತು 2ರ ಗುಣಲಬ್ಧ 1.2 ಘನ ಮೀಟರ್, ಅಂದರೆ ಮತ್ತೆ 1,200 ಲೀಟರ್ ಕಳೆಯಬೇಕು. ತಲೆಗೆ ದಿನಕ್ಕೆ 135 ಲೀಟರ್ ಎಂಬ ನಗರ ನೀರು ಪೂರೈಕೆಯ ಮಾನದಂಡವನ್ನು ಹಿಡಿದರೆ, ಅಡ್ಡಗೋಡೆಯಿಲ್ಲದ ಈ ಟ್ಯಾಂಕು 222 ಮಂದಿಯ ಒಂದು ದಿನದ ಬಳಕೆಗೆ ಸಾಕಾಗುತ್ತದೆ.

ಅಳತೆಗಾಗಿ ಯಾರನ್ನೂ ಟ್ಯಾಂಕಿನೊಳಗೆ ಇಳಿಸಬೇಡಿ. ಮುಚ್ಚಿದ ನೆಲದಡಿಯ ಟ್ಯಾಂಕಿನಲ್ಲಿ ಉಸಿರಾಟಕ್ಕೆ ಸಾಕಷ್ಟು ಗಾಳಿ ಇರದೆ ಜೀವಕ್ಕೆ ಅಪಾಯವಾಗಬಹುದು. ನಕ್ಷೆಯಿಂದ ಉದ್ದ ಅಗಲ ತೆಗೆದುಕೊಂಡು, ಆಳವನ್ನು ಮುಚ್ಚಳದ ಬಾಯಿಂದ ಉದ್ದನೆಯ ಕೋಲು ಇಳಿಸಿ ನೋಡಿದರೆ ಸಾಕು.

ಆ ಕೋಲಿನಿಂದ ಇನ್ನೂ ಒಂದು ಉಪಯೋಗವಿದೆ, ನನ್ನ ಮಟ್ಟಿಗೆ ಇದೇ ಈ ಲೆಕ್ಕದ ಅತಿ ದೊಡ್ಡ ಲಾಭ. ತಳದ ವಿಸ್ತೀರ್ಣ 15 ಚದರ ಮೀಟರ್ ಆದ್ದರಿಂದ ನೀರು ಒಂದು ಸೆಂಟಿಮೀಟರ್ ಏರಿದರೆ ಅಥವಾ ಇಳಿದರೆ ಅದು 150 ಲೀಟರ್. ಬೇಸಿಗೆಯಲ್ಲಿ 10,000 ಲೀಟರಿನ ಟ್ಯಾಂಕರ್ ತರಿಸಿದಾಗ, ಪಂಪು ನಿಲ್ಲಿಸಿ, ಪಾಲಿಕೆಯ ನೀರು ಬರುವ ವಾಲ್ವ್ ಮುಚ್ಚಿ, ಟ್ಯಾಂಕರ್ ಖಾಲಿಯಾಗುವ ಮೊದಲು ಒಮ್ಮೆ, ಆದ ಮೇಲೆ ಒಮ್ಮೆ ಕೋಲು ಇಳಿಸಿ ಒದ್ದೆಯಾದ ಎತ್ತರವನ್ನು ನೋಡಿಕೊಳ್ಳಬೇಕು. 10,000ವನ್ನು 150ರಿಂದ ಭಾಗಿಸಿದರೆ 66.7, ನೀರು ಅಷ್ಟು ಸೆಂಟಿಮೀಟರ್ ಏರಿರಬೇಕು. 60 ಸೆಂಟಿಮೀಟರ್ ಮಾತ್ರ ಏರಿದ್ದರೆ ಬಂದದ್ದು 9,000 ಲೀಟರ್. ಪಂಪು ನಿಂತಿರುವ ರಾತ್ರಿಯಲ್ಲಿ ನೀರು ಎರಡು ಸೆಂಟಿಮೀಟರ್ ಇಳಿದಿದ್ದರೆ 300 ಲೀಟರ್ ಎಲ್ಲೋ ಸೋರಿದೆ ಎಂದೂ ಅದೇ ಕೋಲು ಹೇಳುತ್ತದೆ.

ಮಳೆಯೂ ಟಿಎಂಸಿಯೂ

ಮಳೆಯ ಮಿಲಿಮೀಟರ್ ಎಂಬುದು ನೆಲದ ಮೇಲೆ ನಿಂತ ತೆಳುವಾದ ಆಯತಘನದ ಎತ್ತರ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಸರಿಯಾಗಿ ಒಂದು ಲೀಟರ್ ಆಗುವುದರಿಂದ ಚದರ ಮೀಟರನ್ನು ಮಿಲಿಮೀಟರಿನಿಂದ ಗುಣಿಸಿದರೆ ನೇರವಾಗಿ ಲೀಟರ್ ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. 20 ಮೀಟರಿಗೆ 12 ಮೀಟರಿನ ತಾರಸಿಯೊಂದರ ಮೇಲೆ ಅಷ್ಟು ಮಳೆ ಎಂದರೆ 2,26,560 ಲೀಟರ್, ಹತ್ತು ಸಾವಿರ ಲೀಟರಿನ ಇಪ್ಪತ್ತೆರಡು ಟ್ಯಾಂಕರಿಗೂ ಮಿಕ್ಕಿದ ನೀರು. ಮಳೆಕೊಯ್ಲಿನ ಟ್ಯಾಂಕು ಯೋಚಿಸುವವರು ಇಂಥ ದಿನವನ್ನಲ್ಲ, ಸಾಧಾರಣ ಜೋರು ಮಳೆಯ ದಿನವನ್ನು ಹಿಡಿಯಬೇಕು: ಅದೇ ತಾರಸಿಯ ಮೇಲೆ 50 ಮಿಲಿಮೀಟರ್ ಬಿದ್ದರೆ 12,000 ಲೀಟರ್, ಅದರಲ್ಲಿ ಪ್ರತಿಶತ 80 ಕೈಗೆ ಸಿಕ್ಕರೂ 9,600 ಲೀಟರ್.

ಕಾವೇರಿಯ ಸುದ್ದಿ ಓದುವ ನಮಗೆ ಟಿಎಂಸಿ ಹೊಸದಲ್ಲ. ನೂರು ಕೋಟಿ ಘನ ಅಡಿ ಎಂಬ ಈ ಮಾನವನ್ನು ಕಣ್ಣಿಗೆ ತಂದುಕೊಳ್ಳಲು ಉದ್ದ, ಅಗಲ, ಎತ್ತರ ಮೂರೂ ಸಾವಿರ ಅಡಿ ಇರುವ ಘನವನ್ನು ಊಹಿಸಬೇಕು. ಸುಮಾರು 2,832 ಕೋಟಿ ಲೀಟರ್. ಪುಣೆಗೆ ನೀರು ಕೊಡುವ ಖಡಕವಾಸಲಾ, ಪಾನಶೇತ್, ವರಸಗಾಂವ್, ಟೇಮಘರ್ ನಾಲ್ಕೂ ಸೇರಿ 29.15 ಟಿಎಂಸಿ. ಮುಂಬಯಿಯ ಏಳು ಜಲಾಶಯಗಳದ್ದನ್ನು ಇಲ್ಲಿನ ಪತ್ರಿಕೆಗಳು 14.47 ಲಕ್ಷ ದಶಲಕ್ಷ ಲೀಟರ್ ಎಂದು ಬರೆಯುತ್ತವೆ. ಭಾಗಿಸಿ ನೋಡಿದರೆ ಅದು ಸುಮಾರು 51 ಟಿಎಂಸಿ, 49.45 ಟಿಎಂಸಿಯ ಕೃಷ್ಣರಾಜಸಾಗರಕ್ಕಿಂತ ತುಸುವೇ ಹೆಚ್ಚು.

ಒಳಗೆ ಎಷ್ಟು, ಹೊರಗೆ ಎಷ್ಟು

ಮುಂಬಯಿಯ ಸಣ್ಣ ಮನೆಗಳಲ್ಲಿ ಅಟ್ಟದ ಮೇಲೆ, ಮಂಚದ ಕೆಳಗೆ ಇಡಲು ಮರದ ಪೆಟ್ಟಿಗೆ ಮಾಡಿಸುವವರು ಬಡಗಿಗೆ ಹೇಳುವುದು ಹೊರ ಅಳತೆ, ಏಕೆಂದರೆ ಪೆಟ್ಟಿಗೆ ಜಾಗದಲ್ಲಿ ಕೂರಬೇಕು. ತುಂಬುವಾಗ ಬೇಕಾಗುವುದು ಒಳ ಅಳತೆ. ಹೊರಗಿನಿಂದ 90, 45, 45 ಸೆಂಟಿಮೀಟರ್ ಇರುವ ಪೆಟ್ಟಿಗೆಯ ಘನಫಲ 182 ಲೀಟರ್. ಎಲ್ಲ ಬದಿಗೂ 18 ಮಿಲಿಮೀಟರ್ ಪ್ಲೈವುಡ್ ಹಾಕಿದರೆ ಪ್ರತಿ ಅಳತೆಯಿಂದಲೂ ದಪ್ಪದ ಎರಡರಷ್ಟು, ಅಂದರೆ 3.6 ಸೆಂಟಿಮೀಟರ್ ಹೋಗುತ್ತದೆ, ಉಳಿದ 86.4, 41.4, 41.4ರ ಗುಣಲಬ್ಧ 148 ಲೀಟರ್. 34 ಲೀಟರಿನಷ್ಟು ಜಾಗವನ್ನು ಹಲಗೆಯೇ ತಿಂದಿತು.

ಮನೆ ಬದಲಿಸುವಾಗ ಇನ್ನೊಂದು ಬಗೆಯ ತೊಡಕು ಎದುರಾಗುತ್ತದೆ. ಡೊಂಬಿವಿಲಿಯಿಂದ ಪುಣೆಗೆ ಹೊರಟ ಟೆಂಪೊದ ಡಬ್ಬ ಒಳಗಿನಿಂದ 8 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಎತ್ತರವಿದ್ದರೆ 200 ಘನ ಅಡಿ. 2 ಅಡಿ, ಒಂದೂವರೆ ಅಡಿ, ಒಂದೂವರೆ ಅಡಿಯ ರಟ್ಟಿನ ಪೆಟ್ಟಿಗೆಯೊಂದು 4.5 ಘನ ಅಡಿ. ಭಾಗಿಸಿದರೆ 44 ಪೆಟ್ಟಿಗೆ ಹಿಡಿಯಬೇಕು. ಎಲ್ಲವನ್ನೂ ಒಂದೇ ದಿಕ್ಕಿಗೆ ಮಲಗಿಸಿದರೆ ಉದ್ದಕ್ಕೆ ನಾಲ್ಕು, ಅಗಲಕ್ಕೆ ಮೂರು, ಎತ್ತರಕ್ಕೆ ಮೂರು, ಒಟ್ಟು 36 ಮಾತ್ರ ಹಿಡಿಯುತ್ತವೆ. ಅಗಲದಲ್ಲೂ ಎತ್ತರದಲ್ಲೂ ಅರ್ಧರ್ಧ ಅಡಿ ಬರಿದಾಗಿ ಉಳಿಯುತ್ತದೆ. ಪ್ರತಿ ಅಂತಸ್ತಿನಲ್ಲೂ ಮೂರನೆಯ ಸಾಲನ್ನು ಅಡ್ಡ ತಿರುಗಿಸಿದರೆ ಒಂದೂವರೆ, ಒಂದೂವರೆ ಮತ್ತು ಎರಡು ಸೇರಿ ಐದು ಅಡಿ ಅಗಲ ಭರ್ತಿಯಾಗಿ, ಆ ಸಾಲಿನಲ್ಲಿ ಐದು ಪೆಟ್ಟಿಗೆ ಕೂರುತ್ತವೆ. ಅಂತಸ್ತಿಗೆ 13, ಒಟ್ಟು 39. ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಪೆಟ್ಟಿಗೆಗಳನ್ನು ನಿಲ್ಲಿಸಿ ಇಟ್ಟರೆ ಐದೈದರ ಮೂರು ಸಾಲು, 15, ಒಟ್ಟು 41. ಪುಸ್ತಕ, ಬಟ್ಟೆಯ ಪೆಟ್ಟಿಗೆಗಳನ್ನು ಹೀಗೆ ನಿಲ್ಲಿಸಬಹುದು, ಪಾತ್ರೆ ಪಿಂಗಾಣಿಯದ್ದನ್ನು ನಿಲ್ಲಿಸಲಾಗದು. ಘನಫಲದ ಭಾಗಾಕಾರ ಕೊಡುವುದು ಮೀರಲಾಗದ ಮಿತಿಯನ್ನಷ್ಟೇ. ಎಲ್ಲವನ್ನೂ ಒಂದೇ ದಿಕ್ಕಿಗೆ ಇಟ್ಟರೆ ಎಷ್ಟು ಹಿಡಿಯುತ್ತದೆ ಎಂಬುದಕ್ಕೆ ಪ್ರತಿ ದಿಕ್ಕಿನಲ್ಲೂ ಬೇರೆ ಬೇರೆಯಾಗಿ ಭಾಗಿಸಿ, ಶೇಷವನ್ನು ಬಿಟ್ಟು, ಪೂರ್ಣಾಂಕಗಳನ್ನು ಗುಣಿಸಬೇಕು.

ಕೊರಿಯರಿನಲ್ಲಿ ಹೊರ ಅಳತೆಯೇ ಲೆಕ್ಕಕ್ಕೆ ಬರುವುದು, ಅದೂ ಪೆಟ್ಟಿಗೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿಂದ. ಹಗುರವಾದರೂ ಜಾಗ ನುಂಗುವ ಸಾಮಾನಿಗೆ ಅನೇಕ ಕೊರಿಯರ್ ಸಂಸ್ಥೆಗಳು ಘನ ಸೆಂಟಿಮೀಟರನ್ನು 5,000ದಿಂದ ಭಾಗಿಸಿ ಬಂದ ಸಂಖ್ಯೆಯನ್ನು ಕಿಲೋ ಎಂದು ಹಿಡಿದು, ಅದಕ್ಕೂ ತಕ್ಕಡಿಯ ತೂಕಕ್ಕೂ ಯಾವುದು ಹೆಚ್ಚೋ ಅದಕ್ಕೆ ಹಣ ಕೇಳುತ್ತವೆ; ಭಾಜಕ ಎಷ್ಟೆಂದು ಮೊದಲೇ ವಿಚಾರಿಸಿಕೊಳ್ಳಬೇಕು. ಊರಿಗೆ ಕಳಿಸುವ ದಿಂಬು, ಹೊದಿಕೆ ತುಂಬಿದ 45, 40, 30 ಸೆಂಟಿಮೀಟರಿನ ಪೆಟ್ಟಿಗೆ ತಕ್ಕಡಿಯಲ್ಲಿ ನಾಲ್ಕೇ ಕಿಲೋ ತೂಗಿದರೂ ಬಿಲ್ಲು 54,000 ಭಾಗಿಸು 5,000, ಅಂದರೆ 10.8 ಕಿಲೋಗೆ ಆಗುತ್ತದೆ. ಹೊದಿಕೆಯನ್ನು ಅದುಮಿ, ರಟ್ಟಿನ ಅಂಚನ್ನು ಕತ್ತರಿಸಿ ಮಡಚಿ, ಎತ್ತರವನ್ನು 20 ಸೆಂಟಿಮೀಟರಿಗೆ ಇಳಿಸಿದರೆ ಅದೇ ಸಾಮಾನು 7.2 ಕಿಲೋ ದರಕ್ಕೆ ಹೋಗುತ್ತದೆ.